ಎಣ್ಣೆ ಹಚ್ಚಿದ ಹನ್ನೆರಡು ಕಮಾನು

ಮೊದಲ ದಿನ ನಾನು ಆ ಮಕ್ಕಳಿಗೆ ಹೇಳಿದ ಮೊದಲ ಮಾತು, 'ಕೂದಲಿಗಿ ಕೈ ಹಚ್ಚಬ್ಯಾಡ್ರಿ.'

ವಯೊಲಿನ್ನಿನ ಕಮಾನಿಗೆ ಕಟ್ಟಿರುತ್ತಾರಲ್ಲ, ಕುದುರೆ ಬಾಲದ ಬಿಳಿ ಕೂದಲು, ಅದರ ಮಾತು. ಹೊಸಬರು ಯಾರೇ ಕಮಾನು ಹಿಡಿಯಲಿ, ಮೊದಲು ಅದರ ಮೇಲೆಯೇ ಬೆರಳು ಆಡಿಸುತ್ತಾರೆ. ಕೈಯ ಬೆವರು, ಜಿಡ್ಡು ಹತ್ತಿದರೆ ಕೂದಲು ಹಾಳು. ಹಾಗಾಗಿ ಜೂನ್ ತಿಂಗಳಿಂದ ಪ್ರತಿ ತರಗತಿಯಲ್ಲೂ ಅದನ್ನೇ ಹೇಳಿದೆ. ಪ್ರೀತಿಯಿಂದ ಹೇಳಿದೆ, ಬೈದು ಹೇಳಿದೆ, ಕಣ್ಣು ಕಿಸಿದು ಹೇಳಿದೆ. ಕೊನೆಗೆ ನಾನು ಬಾಗಿಲಲ್ಲಿ ಕಂಡರೆ ಸಾಕು, ಮಕ್ಕಳೇ ಒಟ್ಟಾಗಿ 'ಕೂದಲಿಗಿ ಕೈ ಹಚ್ಚಬ್ಯಾಡ್ರಿ' ಎಂದು ರಾಗ ಎಳೆಯುತ್ತಿದ್ದರು. ನನಗೆ ಹೆಮ್ಮೆ. ಒಂದಾದರೂ ಮಾತು ತಲೆಗೆ ಹತ್ತಿತಲ್ಲ ಎಂದುಕೊಂಡಿದ್ದೆ.

ನಾನು ಸೇಡಂನವಳು. ಮಂಗಳವಾರ ಮತ್ತು ಶುಕ್ರವಾರ ಮುಂಜಾನೆಯ ರೈಲು ಹಿಡಿದು, ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದು, ಅಲ್ಲಿ ಟಂಟಂ ಆಟೋ ತುಂಬುವವರೆಗೆ ಕಾದು, ಶಹಾಬಾದ್ ಹತ್ತಿರದ ಆ ಸರ್ಕಾರಿ ಪ್ರಾಥಮಿಕ ಶಾಲೆ ಸೇರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಒಂದು ಟ್ರಸ್ಟು ಸರ್ಕಾರಿ ಶಾಲೆಯ ಮಕ್ಕಳಿಗೆ ತಂತಿವಾದ್ಯ ಕಲಿಸಬೇಕೆಂದು ಹಟ ತೊಟ್ಟು ಹನ್ನೆರಡು ಸಣ್ಣ ವಯೊಲಿನ್ ಕೊಟ್ಟಿತ್ತು. ಒಂದರಿಂದ ಹನ್ನೆರಡರವರೆಗೆ ನಂಬರು. ವಯೊಲಿನ್ನಿಗೆ ಯಾವ ನಂಬರೋ ಅದರ ಕಮಾನಿಗೂ ಅದೇ ನಂಬರು. ಕಲಿಸಲು ನನ್ನನ್ನು ನೇಮಿಸಿತ್ತು. ಒಂದು ಷರತ್ತು ಮಾತ್ರ ಇತ್ತು. ದಸರಾ ರಜೆ ಮುಗಿದ ಮೇಲೆ ಟ್ರಸ್ಟಿನ ಸಂಗೀತ ಸಲಹೆಗಾರರು ಬಂದು ನೋಡುತ್ತಾರೆ. ಕನಿಷ್ಠ ಎಂಟು ಮಕ್ಕಳು ಭೂಪ ರಾಗದ ಆರೋಹ, ಅವರೋಹ ಮತ್ತು ಒಂದು ಸಣ್ಣ ಸರಗಮ್ ಅನ್ನು ಒಬ್ಬೊಬ್ಬರಾಗಿ ಕಮಾನಿನಲ್ಲಿ ನುಡಿಸಬೇಕು, ವಾದ್ಯಗಳು ಸುಸ್ಥಿತಿಯಲ್ಲಿರಬೇಕು. ಇಲ್ಲದಿದ್ದರೆ ವಯೊಲಿನ್‌ಗಳು ಪಟ್ಟಿಯಲ್ಲಿ ಮುಂದಿರುವ ಚಿಂಚೋಳಿ ಕಡೆಯ ಶಾಲೆಗೆ ಹೋಗುತ್ತವೆ.

ಕಲಿಸಲು ನನಗೆ ಸಿಕ್ಕ ಜಾಗ ಅಡುಗೆ ಕೋಣೆಯ ಪಕ್ಕದ ವರಾಂಡ. ಒಂದು ಕಡೆ ಬಿಸಿಯೂಟದ ಕುಕ್ಕರು. ಇನ್ನೊಂದು ಕಡೆ, ರಸ್ತೆಯಾಚೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಶೆಡ್ಡು. ಕುಕ್ಕರು ಕೂಗಿ ಸುಮ್ಮನಾಗುತ್ತದೆ, ಪಾಲಿಶ್ ಮಷೀನು ಸುಮ್ಮನಾಗುವುದಿಲ್ಲ. ಅದರ ಗುಂಯ್ ಎನ್ನುವ ಸದ್ದು ನಮ್ಮ ಷಡ್ಜಕ್ಕಿಂತ ಒಂದು ಚೂರು ಮೇಲಿತ್ತು. ನಾನು ಮೊಬೈಲಿನಲ್ಲಿ ತಂಬೂರಿ ಹಾಕಿ 'ಇದು ಸಾ' ಎಂದು ಕೂರಿಸಿದರೆ ಹತ್ತು ನಿಮಿಷದಲ್ಲಿ ಹನ್ನೆರಡರಲ್ಲಿ ಹನ್ನೊಂದು ಮಕ್ಕಳ ಕಿವಿ ಮಷೀನಿನ ಕಡೆ ಏರಿ ಹೋಗುತ್ತಿತ್ತು. ಕರೆಂಟು ಹೋದರೆ ಊರಿಗೆಲ್ಲ ಬೇಸರ, ನನಗೆ ಮಾತ್ರ ಹಬ್ಬ. ಕೋಣೆ ಬದಲಿಸಿ ಕೊಡಿ ಎಂದು ಹೆಡ್ ಮಾಸ್ತರರಿಗೆ ಐದು ಸಲ ಕೇಳಿದೆ. ಐದು ಸಲವೂ ಅವರು 'ನೋಡೂಣ್ರಿ ಮೇಡಂ' ಎಂದರು.

ತಂತಿ ಬಿಗಿಯುವ ಬಿರಡೆಗಳದ್ದು ಇನ್ನೊಂದು ಗೋಳು. ಜೂನ್ ಮೊದಲ ವಾರದ ಒಣ ಬಿಸಿಲಿಗೆ ಮರ ಕುಗ್ಗಿ, ತಂತಿ ಬಿಗಿದು ಮುಗಿಸುವ ಮೊದಲೇ ಬಿರಡೆ ಸರ್ರನೆ ತಿರುಗಿ ಬಿಡುತ್ತಿತ್ತು. ಮಳೆ ಬಿದ್ದ ಮೇಲೆ ಅದೇ ಬಿರಡೆ ಉಬ್ಬಿ ಅಲ್ಲಾಡುತ್ತಿರಲಿಲ್ಲ. ಹನ್ನೆರಡು ವಯೊಲಿನ್, ಒಂದೊಂದಕ್ಕೆ ನಾಲ್ಕು ತಂತಿ. ತರಗತಿ ಒಂದು ಗಂಟೆ, ಶ್ರುತಿ ಮಾಡುವುದಕ್ಕೇ ನಲವತ್ತು ನಿಮಿಷ. ಉಳಿದ ಇಪ್ಪತ್ತು ನಿಮಿಷದಲ್ಲಿ ಕಲಿಸಲು ಹೊರಟರೆ ಮಾತ್ರೆ ನುಂಗಿಸುವ ದಿನವೋ, ಲಸಿಕೆ ಹಾಕುವ ದಿನವೋ ಬಂದಿರುತ್ತಿತ್ತು.

ಇಷ್ಟರ ನಡುವೆ ಕಲಿತವಳೆಂದರೆ ಐದನೇ ತರಗತಿಯ ಲೀಡರ್. ರಸ್ತೆಯಾಚೆಯ ಶೆಡ್ಡಿನ ಪಾಲಿಶ್ ಮೇಸ್ತ್ರಿಯ ಮಗಳು. ಏಳನೇ ನಂಬರಿನ ವಯೊಲಿನ್ ಅವಳದು. ಹುಟ್ಟಿದಾಗಿನಿಂದ ಆ ಮಷೀನಿನ ಸದ್ದಿನಲ್ಲೇ ಬೆಳೆದವಳು ಅವಳು, ಆದರೂ ಅವಳ ಷಡ್ಜ ಒಂದೇ ಮಷೀನಿನ ಕಡೆ ಏರುತ್ತಿರಲಿಲ್ಲ. ಏಳನೆಯದರ ಸಾ ತಂತಿಯ ಬಿರಡೆಗೆ ಜಾರುವ ಚಟ. ಆಗಸ್ಟ್ ಹೊತ್ತಿಗೆ ಅದು ಕೂದಲೆಳೆಯಷ್ಟು ಇಳಿದರೂ ನನಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು.

'ಟೀಚರ್ರಿ, ಏಳನೇದ್ದು ಇಳದದ್ರಿ.'

'ಬಿರಡಿ ಒಳಗ ಒತ್ತಿ ತಿರುವವ್ವಾ, ಎಷ್ಟು ಸಲ ಹೇಳಬೇಕು ನಿನಗ?'

ಅವಳು ತುಟಿ ಕಚ್ಚಿಕೊಂಡು ಒತ್ತಿ ತಿರುವುತ್ತಿದ್ದಳು. ನಲವತ್ತರ ಗಡಿ ದಾಟಿದ ನಾನು ಇಷ್ಟು ವರ್ಷದ ಪಾಠದಲ್ಲಿ ಅಂಥ ಕಿವಿ ಎರಡೋ ಮೂರೋ ಕಂಡಿರಬಹುದು. ಅವಳಿಗೆ ಅದನ್ನು ಹೇಳಲಿಲ್ಲ. ಹೊಗಳಿದರೆ ಕೆಡುತ್ತಾರೆಂಬುದು ನಾನು ಕಲಿತ ಮನೆಯ ಪದ್ಧತಿ.

ದಸರಾ ರಜೆ ಬಂತು, ಹೋಯಿತು. ಶಾಲೆ ತೆರೆದ ಮಂಗಳವಾರ ನಾನು ವರಾಂಡಕ್ಕೆ ಬಂದಾಗ ಮಕ್ಕಳು ಆಗಲೇ ಸಾಲಾಗಿ ಕೂತಿದ್ದರು. ಬಹುಮಾನಕ್ಕೆ ಹೆಸರು ಕೂಗುವುದನ್ನು ಕಾಯುವವರ ಹಾಗೆ ಅವರ ಮುಖ ಅರಳಿತ್ತು. ಪ್ರತಿ ವಯೊಲಿನ್ನಿನ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ, ಬಿರಡೆಗಳಿಗೆ ಒಣಗಿದ ಚೆಂಡುಹೂವಿನ ಸರ. ರಜೆಯಲ್ಲಿ ಖಂಡೆ ಪೂಜೆ ಮಾಡಿದ್ದಾರೆ, ಮಾಡಲಿ. ನಮ್ಮ ಕಡೆ ಆಯುಧ, ಮಷೀನು, ಗಾಡಿ ಎಲ್ಲಕ್ಕೂ ಆ ದಿನ ಪೂಜೆ. ಎದುರಿನ ಶೆಡ್ಡಿನಲ್ಲಿ ಹಿಂದೂ, ಮುಸ್ಲಿಂ ಎನ್ನದೆ ಎಲ್ಲ ಕೆಲಸಗಾರರೂ ಮಷೀನು ತೊಳೆದು, ಎಣ್ಣೆ ಹಾಕಿ, ಚುರುಮುರಿ ಹಂಚುತ್ತಾರೆ. ನಾನು ನಕ್ಕು ಏಳನೇ ನಂಬರಿನದನ್ನು ಎತ್ತಿಕೊಂಡು ಕಮಾನು ಎಳೆದೆ.

ಸದ್ದು ಬರಲಿಲ್ಲ. ಕಮಾನು ತಂತಿಯ ಮೇಲೆ ಜಾರಿಕೊಂಡು ಹೋಯಿತು. ಒತ್ತಿ ಎಳೆದೆ, ಉಸಿರು ಬಿಟ್ಟಂಥ ಒಂದು ಸಪ್ಪಳ. ಎಂಟನೆಯದು ಎತ್ತಿಕೊಂಡೆ, ಅದೂ ಹಾಗೇ. ಕೂದಲನ್ನು ಮೂಗಿನ ಹತ್ತಿರ ಹಿಡಿದೆ. ಕೊಬ್ಬರಿ ಎಣ್ಣೆ.

'ಇದಕ್ಕ ಎಣ್ಣಿ ಯಾರು ಹಚ್ಚಿದ್ರು?'

'ನಾನೇ ಹಚ್ಚೀನ್ರಿ ಟೀಚರ್' ಎಂದಳು ಲೀಡರ್, ಎದ್ದು ನಿಂತು. 'ಪೂಜಾದ ದಿನ ಎಲ್ಲಾರೂ ಕೂಡಿ ಮೊದಲು ಶಾಂಪೂ ಹಾಕಿ ತೊಳದೀವ್ರಿ. ಬಿಳಿ ಹಿಟ್ಟೆಲ್ಲಾ ಹೋಯ್ತು. ಆಮ್ಯಾಲ ನೋಡಿದ್ರ ಕೂದಲು ಭಾಳ ಒಣಗಿದ್ವು. ಅದಕ್ಕ ಎಣ್ಣಿ ಹಚ್ಚಿ ಬಾಚೀನ್ರಿ.'

ಬಿಳಿ ಹಿಟ್ಟೆಂದರೆ ರಾಳ. ಕೂದಲು ತಂತಿಯನ್ನು ಹಿಡಿಯಲೆಂದು ನಾನು ತಿಂಗಳುಗಟ್ಟಲೆ ತಿಕ್ಕಿದ ರಾಳದ ಪುಡಿ. ಆ ಮಕ್ಕಳ ಮನೆಯಲ್ಲಿ ಬಿಳಿ ಹಿಟ್ಟೆಂದರೆ ಕಲ್ಲಿನ ಧೂಳು. ಅಪ್ಪಂದಿರು ಸಂಜೆ ಮನೆಗೆ ಬಂದು ಮೊದಲು ತೊಳೆದುಕೊಳ್ಳುವುದು ಅದನ್ನೇ.

'ಕೂದಲಿಗಿ ಕೈ ಹಚ್ಚಬ್ಯಾಡ್ರಿ ಅಂತ ಬಡಕೊಂಡೆನಲ್ಲ, ಕಿವಿ ಎಲ್ಲಿದ್ವು ನಿಮ್ಮವು?'

ಲೀಡರ್ ಮುಖ ಆಗ ಬಾಡಿತು. 'ಅದಕ್ಕೇ ಎಲ್ಲಾರೂ ಮೈ ತೊಳಕೊಂಡು ಬಂದಿದ್ವಿರಿ. ಎಣ್ಣಿ ಹಚ್ಚಾಕಿ ನಾನು ಅಂತ ಹೇಳಿ, ನಾನು ಮುಂಜಾನಿಂದ ಏನೂ ತಿಂದಿರಲಿಲ್ರಿ. ಒದ್ದಿ ಅರಿವ್ಯಾಗೇ ಹಚ್ಚೀನಿ.'

ಮಡಿ. ಈ ಹುಡುಗಿ ನನ್ನ ಮಾತನ್ನು ಮಡಿ ಎಂದು ತಿಳಿದುಕೊಂಡಿದ್ದಾಳೆ. ಮೈಲಿಗೆಯ ಕೈಯಲ್ಲಿ ಮುಟ್ಟಬಾರದ್ದು ಎಂದುಕೊಂಡು, ಉಪವಾಸವಿದ್ದು, ಒದ್ದೆ ಬಟ್ಟೆಯಲ್ಲಿ ಬಂದು, ಹನ್ನೆರಡು ಕಮಾನಿಗೂ ಎಣ್ಣೆ ತಿಕ್ಕಿ, ಬಾಚಿ, ಹೂ ಏರಿಸಿದ್ದಾಳೆ. ಅದೆಲ್ಲ ನನಗೆ ಹೊಳೆದದ್ದು ಸಂಜೆ ರೈಲಿನಲ್ಲಿ. ಆ ಹೊತ್ತಿಗೆ ನನಗೆ ಕಂಡದ್ದು ಹತ್ತು ದಿನದ ಆಚೆಗಿದ್ದ ಪರೀಕ್ಷೆ ಮಾತ್ರ. ಬಾಯಿಗೆ ಬಂದಂತೆ ಬೈದೆ. ನಿಮಗೆ ಕಲಿಸಲು ಬಂದದ್ದೇ ನನ್ನ ತಪ್ಪು ಎಂದೂ ಅಂದೆ. ಒಂದನೇ ನಂಬರಿನ ಪುಟ್ಟ ಹುಡುಗಿ ಅಳಲು ಶುರು ಮಾಡಿದಳು. ಲೀಡರ್ ಅಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾ ನಿಂತಿದ್ದಳು, ಎಣ್ಣೆ ಇನ್ನೂ ಅಲ್ಲೇ ಇದೆಯೇನೋ ಎಂಬಂತೆ.

ಹೆಡ್ ಮಾಸ್ತರರ ಕೋಣೆಗೆ ಹೋದೆ. ವಯೊಲಿನ್ ಇಡುವ ಕಪಾಟಿನ ಕೀಲಿಕೈಯನ್ನು ಮಕ್ಕಳಿಗೆ ಕೊಟ್ಟವರು ಅವರೇ.

'ಪೂಜಾ ಅಂದ್ರು, ಕೊಟ್ಟೆ. ದೇವರ ಕೆಲಸಕ್ಕ ಒಲ್ಲೆ ಅನ್ನಲಿಕ್ಕೆ ಬರ್ತದೇನ್ರಿ?' ಎಂದರು. ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು, 'ಫಿಕರ್ ಮಾಡಬ್ಯಾಡ್ರಿ ಮೇಡಂ. ಮಳಿಗಾಲದಾಗ ತೇವ ಹತ್ತಿ ಕೆಟ್ಟಾವ ಅಂತ ಬರದು ಬಿಡೂಣ. ತೇವಕ್ಕ ಯಾರೇನು ಮಾಡ್ತಾರ?'

ನನಗೂ ಆ ಮಾತು ಆ ದಿನ ಚೆನ್ನಾಗಿಯೇ ಕೇಳಿಸಿತು. ಸುಳ್ಳು ಹೇಳಬೇಕಲ್ಲ ಎಂದಲ್ಲ, ನಾನೇ ಸರಿ ಮಾಡಿಬಿಡುತ್ತೇನೆ, ಯಾರಿಗೂ ಗೊತ್ತಾಗುವುದೇ ಬೇಡ ಎಂಬ ಹುರುಪಿನಲ್ಲಿ ಎದ್ದು ಬಂದೆ.

ಕಮಾನು ರಿಪೇರಿ ಮಾಡುವವರು ನಮ್ಮ ಸುತ್ತ ಎಲ್ಲೂ ಇಲ್ಲ. ಹೈದರಾಬಾದಿನ ಒಬ್ಬರಿಗೆ ಫೋನು ಮಾಡಿದೆ. ಹೊಸ ಕೂದಲು ಕಟ್ಟಿ ಕೊಡಲು ಒಂದು ತಿಂಗಳು ಬೇಕು ಎಂದರು. ನನಗಿದ್ದದ್ದು ಹತ್ತು ದಿನ. ಮೂರು ಕಮಾನು ಚೀಲಕ್ಕೆ ಹಾಕಿಕೊಂಡು ಸೇಡಂಗೆ ಒಯ್ದೆ. ಎಲ್ಲಕ್ಕಿಂತ ಮೊದಲು ಉಳಿಸಬೇಕಾದ್ದು ಏಳನೆಯದು ಎಂದು ಅದನ್ನೇ ಮೊದಲು ಕೈಗೆತ್ತಿಕೊಂಡೆ. ಬುಡದ ತಿರುಪು ಬಿಚ್ಚಿ, ಕೂದಲು ಸಡಿಲ ಮಾಡಿ, ಬಿಸಿ ನೀರಿಗೆ ಸಾಬೂನು ಕದಡಿ ಅದ್ದಿದೆ. ಜಿಡ್ಡು ಬಿಡಲಿ ಎಂದು ಇನ್ನಷ್ಟು ಬಿಸಿ ನೀರು ಸುರಿದೆ. ಕೂದಲನ್ನು ತುದಿಯಲ್ಲಿ ಹಿಡಿದಿಟ್ಟಿದ್ದ ಸಣ್ಣ ಮರದ ಬೆಣೆ ನೀರಿಗೆ ಸಡಿಲಾಗಿ, ಇಡೀ ಕುಚ್ಚು ನನ್ನ ಕೈಗೆ ಬಂತು. ಬಚ್ಚಲಲ್ಲಿ ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ.

ಎರಡನೇ ನಂಬರಿನದಕ್ಕೆ ನೀರು ಬೇಡ, ಸ್ಪಿರಿಟ್ ಹಾಕೋಣ ಎಂದು ಔಷಧಿ ಅಂಗಡಿಯಿಂದ ತಂದೆ. ಸ್ಪಿರಿಟ್ ಕಮಾನಿನ ಕಡ್ಡಿಗೆ ತಾಗಿ ವಾರ್ನಿಶ್ ಕರಗಿತು. ಕರಗಿದ ವಾರ್ನಿಶ್ ಕೂದಲಿಗೆ ಮೆತ್ತಿಕೊಂಡು ಒಣಗಿ ಅಂಟಾಯಿತು. ಒಂಬತ್ತನೆಯದನ್ನು ಜಾಣತನದಿಂದ ತಣ್ಣೀರಲ್ಲಿ ತೊಳೆದೆ. ಕೂದಲು ನೆಟ್ಟಗಿರಲಿ ಎಂದು ತಿರುಪು ಬಿಗಿದು ಬಿಸಿಲಿಗಿಟ್ಟೆ. ಒದ್ದೆ ಕೂದಲು ಒಣಗುತ್ತಾ ಕುಗ್ಗಿ ಎಳೆದು ಕಮಾನಿನ ಮೂತಿ ಸೀಳಿತು. ಮಕ್ಕಳು ಎಣ್ಣೆ ಹಚ್ಚಿ ಅರ್ಧ ಕೆಡಿಸಿದ್ದನ್ನು ನಾನು ಓದಿ ತಿಳಿದವಳಾಗಿ ಪೂರ್ತಿ ಕೆಡಿಸಿದೆ. ಎರಡು ದಿನದಲ್ಲಿ ಮೂರು ಕಮಾನು.

ಆ ಎರಡು ದಿನ ನನ್ನ ಸಿಟ್ಟು ಯಾರ ಮೇಲೆ ಎಂದು ಹುಡುಕುತ್ತಿದ್ದೆ. ಹೆಡ್ ಮಾಸ್ತರರ ಮೇಲೆ, ಟ್ರಸ್ಟಿನ ಮೇಲೆ, ಕೊಬ್ಬರಿ ಎಣ್ಣೆಯ ಮೇಲೆ. ನಮ್ಮ ಮನೆಯಲ್ಲಿ ನಮ್ಮಜ್ಜಿ ದೇವರ ಕೋಣೆಯ ಹೊಸ್ತಿಲಲ್ಲಿ ನಿಂತು 'ಮುಟ್ಟಬ್ಯಾಡ' ಎನ್ನುತ್ತಿದ್ದಳು. ಯಾಕೆ ಎಂದು ಕೇಳಿದರೆ 'ಮುಟ್ಟಬ್ಯಾಡ ಅಂದ್ರ ಮುಟ್ಟಬ್ಯಾಡ.' ನನಗೆ ಆ ಮಾತು ಕೇಳಿದರೆ ಮೈಯುರಿಯುತ್ತಿತ್ತು. ಅದೇ ದನಿಯಲ್ಲಿ ನಾನು ನಾಲ್ಕು ತಿಂಗಳು ಪಾಠ ಮಾಡಿದ್ದೆ. ಮಕ್ಕಳು ಅದನ್ನು ಮಡಿ ಎಂದು ತಿಳಿದದ್ದರಲ್ಲಿ ಅವರ ತಪ್ಪೇನಿತ್ತು ಎಂದು ಗುರುವಾರ ಸಂಜೆಯ ಹೊತ್ತಿಗೆ ಒಪ್ಪಿಕೊಳ್ಳಬೇಕಾಯಿತು. ಒಪ್ಪಿಕೊಂಡರೂ ಸಿಟ್ಟು ಇಳಿಯಲಿಲ್ಲ, ನನ್ನ ಕಡೆ ತಿರುಗಿತು ಅಷ್ಟೆ.

ಶುಕ್ರವಾರ ಮೂರು ಮುರಿದ ಕಮಾನುಗಳನ್ನೂ ಚೀಲದಲ್ಲಿ ಹಾಕಿಕೊಂಡೇ ಹೋದೆ. ಉಳಿದ ಒಂಬತ್ತನ್ನು ನಾನೊಬ್ಬಳೇ ಮುಟ್ಟುವುದಿಲ್ಲ ಎಂದು ರೈಲಿನಲ್ಲೇ ನಿರ್ಧಾರ ಮಾಡಿದ್ದೆ. ಮಕ್ಕಳ ಮುಂದೆ ಮೂರನ್ನೂ ಇಟ್ಟೆ.

'ಇವು ನಾನು ಕೆಡಿಸಿದ್ದು' ಎಂದೆ. 'ಮಂಗಳವಾರ ನಿಮಗ ಬೈದದ್ದು ನನ್ನ ತಪ್ಪು.'

ಲೀಡರ್ ಏಳನೇ ನಂಬರಿನ ಬೋಳು ಕಡ್ಡಿಯನ್ನು ನೋಡಿದಳು. ಮುಟ್ಟಲಿಲ್ಲ. 'ಹೊಳ್ಳಿ ಕಟ್ಟಲಿಕ್ಕೆ ಬರ್ತದೇನ್ರಿ?' ಎಂದಳು. ಪರೀಕ್ಷೆಯ ದಿನದೊಳಗೆ ಬರುವುದಿಲ್ಲ ಎಂದೆ.

ಆಮೇಲೆ ನನ್ನ ಸ್ವಂತ ವಯೊಲಿನ್ನಿನ ಕಮಾನು ಹೊರಗೆ ತೆಗೆದೆ. ಇಪ್ಪತ್ತು ವರ್ಷದಿಂದ ಯಾರಿಗೂ ಮುಟ್ಟಲು ಕೊಡದ ಕಮಾನು. 'ಒಬ್ಬೊಬ್ಬರು ಬಂದು ಒಂದು ಬೆರಳು ಹಚ್ಚಿ ನೋಡ್ರಿ' ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೀಡರ್ ಮೊದಲು ಬಂದು ಬೆರಳ ತುದಿ ತಾಗಿಸಿದಳು.

'ಜಗ್ಗತದ್ರಿ. ಕೈ ಹಿಡಕೊಳ್ಳಾಕತ್ತದ.'

'ಹಾಂ. ಈಗ ಎಣ್ಣಿದು ಹಿಡಿ.'

'ಇದು ಜಾರ್ತದ್ರಿ.'

'ತಂತಿ ಮ್ಯಾಲೂ ಹಂಗೇ. ರಾಳ ಇದ್ರ ಕೂದಲು ತಂತೀನ ಹಿಡೀತದ, ಬಿಡ್ತದ, ಹಿಡೀತದ, ಬಿಡ್ತದ. ಒಂದು ಕ್ಷಣದಾಗ ನೂರಾರು ಸಲ. ಅದೇ ಸಪ್ಪಳ. ಎಣ್ಣಿ ಇದ್ರ ಹಿಡಿಯಂಗೇ ಇಲ್ಲ. ನಿಮ್ಮ ಕೈಯಾಗೂ ಎಣ್ಣಿ ಇರ್ತದ, ತೊಳದ್ರೂ ಇರ್ತದ. ಅದಕ್ಕ ಮುಟ್ಟಬ್ಯಾಡ್ರಿ ಅಂದದ್ದು.'

ಇದನ್ನು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಲೀಡರ್ ಹೇಳಿದಳು, 'ಟೀಚರ್ರಿ, ಹಂಗಾದ್ರ ಎಣ್ಣಿ ಹೀರಿಸಬೇಕು, ತೊಳೀಬಾರದು. ಫರ್ಸಿ ಮ್ಯಾಲ ಎಣ್ಣಿ ಚೆಲ್ಲಿದ್ರ ನಮ್ಮಪ್ಪ ನೀರು ಹಾಕಂಗಿಲ್ರಿ. ಕಲ್ಲಿನ ಹಿಟ್ಟು ಸುರುವಿ ಎರಡು ದಿನ ಬಿಡ್ತಾನ. ಹಿಟ್ಟೇ ಎಣ್ಣಿ ಕುಡೀತದ.'

ಕಲ್ಲಿನ ಹಿಟ್ಟಿನಲ್ಲಿ ಹರಳು ಇದ್ದರೆ ಕೂದಲು ಕತ್ತರಿಸುತ್ತದೆ ಎಂದು ನಾನು ಹೆದರಿದೆ. ಅದರ ಬದಲು ಸುಣ್ಣದ ಬಳಪ. ಬಿರಡೆ ಜಾರದಿರಲಿ ಎಂದು ನಾನೇ ಬಳಪ ತಿಕ್ಕುತ್ತಿದ್ದೆ, ಆದರೆ ಕಮಾನಿಗೆ ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಹೆಡ್ ಮಾಸ್ತರರು ಒಂದು ಡಬ್ಬಿ ಬಳಪ ಕೊಟ್ಟರು. ಮಕ್ಕಳು ಕುಟ್ಟಿ ಪುಡಿ ಮಾಡಿ, ಓಢಣಿಯಲ್ಲಿ ಸೋಸಿದರು. ಒಂಬತ್ತು ಕಮಾನಿನ ಕೂದಲು ಸಡಿಲಿಸಿ, ಹಳೆ ಪೇಪರಿನ ಮೇಲೆ ಹಾಸಿ, ಪುಡಿ ಮುಚ್ಚಿ, ಕಪಾಟಿನಲ್ಲಿಟ್ಟು ಕೀಲಿ ಹಾಕಿದೆವು. ಈ ಸಲ ಕೀಲಿಕೈಯನ್ನು ನಾನೇ ಒಯ್ದೆ.

ಸೋಮವಾರ ನನ್ನ ದಿನವಲ್ಲದಿದ್ದರೂ ಹೋದೆ. ಪುಡಿ ಹಳದಿಗೆ ತಿರುಗಿ ಉಂಡೆ ಕಟ್ಟಿತ್ತು. ಹೊಸ ಹಲ್ಲುಜ್ಜುವ ಬ್ರಶ್ಶಿನಿಂದ ಅದನ್ನು ಉದುರಿಸಿದೆವು. ಆಮೇಲೆ ಒಬ್ಬರು ಕಡ್ಡಿಯನ್ನು ಎತ್ತಿ ದೂರ ಹಿಡಿಯುವುದು, ಇನ್ನೊಬ್ಬರು ಸ್ಪಿರಿಟ್ ಅದ್ದಿದ ಅರಿವೆಯಿಂದ ಕೂದಲನ್ನು ಮಾತ್ರ ಒರೆಸುವುದು, ಮೂರನೆಯವರು ಬಾಚುವುದು. ಬಿಗಿಯದೆ, ನೆರಳಿನಲ್ಲಿ ಒಣಗಿಸಿದೆವು. ಮಂಗಳವಾರ ರಾಳ ತಿಕ್ಕಿದೆವು, ಒಂದೊಂದಕ್ಕೆ ಅರ್ಧ ಗಂಟೆ. ಒಂಬತ್ತರಲ್ಲಿ ಆರು ಕಮಾನು ತಂತಿಯನ್ನು ಹಿಡಿದವು. ಐದು, ಹತ್ತು ಮತ್ತು ಹನ್ನೆರಡನೇ ನಂಬರಿನವು ಎಷ್ಟು ಮಾಡಿದರೂ ಜಾರುತ್ತಲೇ ಇದ್ದವು. ಮೊದಲ ಕಮಾನು ಗರ್ ಎಂದು ಸದ್ದು ಮಾಡಿದಾಗ ಹನ್ನೆರಡು ಜನರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಉಳಿದ ದಿನ ರಜೆ ಹಾಕಿದವರ ಹಾಗೆ ದಿನಾ ಹೋದೆ. ಆರು ಮಕ್ಕಳು ಕಮಾನು ಎಳೆಯುವಾಗ ಇನ್ನಾರು ಮಕ್ಕಳು ಬೆರಳಿನಿಂದ ತಂತಿ ಮೀಟಿ ಸ್ಥಾನ ಅಭ್ಯಾಸ ಮಾಡುವುದು, ಆಮೇಲೆ ಬದಲಿ. ಲೀಡರ್ ನಾಲ್ಕನೇ ನಂಬರಿನ ಕಮಾನಿನಿಂದ ತನ್ನ ಏಳನೇ ನಂಬರಿನ ವಯೊಲಿನ್ ನುಡಿಸಿದಳು. ಹೆಡ್ ಮಾಸ್ತರರು ಕೇಳದೆಯೇ ತಮ್ಮ ಕೋಣೆ ಬಿಟ್ಟುಕೊಟ್ಟರು. ಜೂನ್ ತಿಂಗಳಿಂದ ಮೊದಲ ಸಲ, ಕರೆಂಟು ಇದ್ದಾಗಲೂ ಪಾಲಿಶ್ ಮಷೀನಿಲ್ಲದ ಸಾ ಕೇಳಿದೆವು.

ಶುಕ್ರವಾರ ಸಲಹೆಗಾರರು ಬಂದರು. ಹಿರಿಯ ವಾದಕರು, ಮೆತ್ತಗಿನ ಮಾತು, ಕೈಯಲ್ಲಿ ಒಂದು ನಮೂನೆ ಮತ್ತು ಒಂದು ರಿಜಿಸ್ಟರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಚಕ್ಕಳಮಕ್ಕಳ ಕೂತು, ವಯೊಲಿನ್ನಿನ ತಲೆಯನ್ನು ಬಲಗಾಲಿನ ಹಿಮ್ಮಡಿಯ ಮೇಲಿಟ್ಟು ನುಡಿಸಿದರು. ಎಂಟು ಬೇಕಿತ್ತು, ಒಂಬತ್ತು ಮಕ್ಕಳು ದಾಟಿದರು. ಲೀಡರ್ ಕೊನೆಗೆ ಬಂದಳು. ಸರಗಮ್ ನಡುವೆ ಏಳನೆಯದರ ಬಿರಡೆ ಜಾರಿತು. ಅವಳು ನಿಲ್ಲಿಸಿದಳು, ಬಿರಡೆಯನ್ನು ಒಳಗೆ ಒತ್ತಿ ತಿರುವಿ, ಕಿವಿ ಕೊಟ್ಟು, ಮೊದಲಿನಿಂದ ನುಡಿಸಿದಳು. ಸಲಹೆಗಾರರು ಪೆನ್ನು ಕೆಳಗಿಟ್ಟು ಕೇಳಿದರು.

ಆಮೇಲೆ ರಿಜಿಸ್ಟರು ತೆರೆದರು. 'ಕಮಾನು ಆರೇ ಅವ. ಉಳದಿದ್ದು?'

ಹೆಡ್ ಮಾಸ್ತರರು ಗಂಟಲು ಸರಿ ಮಾಡಿಕೊಂಡರು. 'ಈ ವರ್ಷ ಮಳಿ ಜರಾ ಜಾಸ್ತಿ ಆಯ್ತಲ್ರಿ, ತೇವ ಹತ್ತಿ...'

ಸಲಹೆಗಾರರು ಹನ್ನೆರಡನೇ ನಂಬರಿನ ಕಮಾನು ಎತ್ತಿ ಮೂಸಿದರು. 'ತೇವಕ್ಕ ಕೊಬ್ಬರಿ ಎಣ್ಣಿ ವಾಸನಿ ಬರ್ತದೇನ್ರಿ?'

ಲೀಡರ್ ಎದ್ದು ನಿಂತಳು. ಅವಳು ಬಾಯಿ ತೆರೆಯುವ ಮೊದಲು ನಾನು ಹೇಳಿದೆ. ಮಕ್ಕಳಿಗೆ ಮುಟ್ಟಬೇಡಿ ಎಂದಷ್ಟೇ ಹೇಳಿದ್ದೆ, ಯಾಕೆಂದು ತಿಳಿಸಿರಲಿಲ್ಲ. ಅವರು ಪೂಜೆಗೆಂದು ಎಣ್ಣೆ ಹಚ್ಚಿದರು. ಮೂರು ಕಮಾನು ನನ್ನ ಕೈಯಲ್ಲಿ ಮುರಿದವು. ಉಳಿದ ಆರನ್ನು ಈ ಮಕ್ಕಳೇ ಬದುಕಿಸಿದರು.

ಸಲಹೆಗಾರರು ಕಮಾನು ಕೆಳಗಿಟ್ಟರು. 'ಖರೇ ಹೇಳಿದ್ದು ಚಲೋ ಆಯ್ತು' ಎಂದರು. 'ಮಕ್ಕಳೂ ಚಂದ ಬಾರಿಸ್ಯಾರ. ಆದ್ರ ಕಮಾನಿಲ್ಲದ ಆರು ವಯಲಿನ್ ಕಪಾಟಿನಾಗಿಟ್ಟು ಏನು ಮಾಡೂದ್ರಿ? ಚಿಂಚೋಳಿ ಕಡೆ ಸಾಲಿಗಿ ಬ್ಯಾರೆ ಕಮಾನು ಬಂದಾವ. ಇವು ಅಲ್ಲಿಗಿ ಹೋಗ್ಲಿ.' ನಮೂನೆಯಲ್ಲಿ ವಾದನದ ಎದುರು 'ಉತ್ತಮ' ಎಂದೂ, ವಾದ್ಯ ನಿರ್ವಹಣೆಯ ಎದುರು 'ಅತೃಪ್ತಿಕರ' ಎಂದೂ ಬರೆದರು.

ಕಮಾನು ಕೆಟ್ಟ ನಂಬರುಗಳ ವಯೊಲಿನ್‌ಗಳೇ ಹೋಗಬೇಕು. ಎರಡು, ಐದು, ಏಳು, ಒಂಬತ್ತು, ಹತ್ತು, ಹನ್ನೆರಡು. ಏಳರ ಬದಲು ಬೇರೆ ಯಾವುದನ್ನಾದರೂ ಒಯ್ಯಿರಿ ಎಂದು ಕೇಳಿಕೊಂಡೆ. ರಿಜಿಸ್ಟರಿನಲ್ಲಿ ಜೋಡಿ ನಂಬರು ಇದೆ, ಅದನ್ನು ತಿದ್ದುವ ಅಧಿಕಾರ ತಮಗಿಲ್ಲ ಎಂದರು. ವಾದ ಮಾಡಿದೆ. ದನಿಯೂ ಏರಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ, ಒಪ್ಪಲೂ ಇಲ್ಲ. ಏಳನೇ ಕಮಾನನ್ನು ಮೊದಲು ಉಳಿಸಲು ಹೋಗದೆ ಕೊನೆಗೆ ಬಿಟ್ಟಿದ್ದರೆ ಅದು ಇವತ್ತು ಇಲ್ಲೇ ಇರುತ್ತಿತ್ತು. ಈ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ.

ಮಕ್ಕಳು ಆರು ಪೆಟ್ಟಿಗೆಗಳನ್ನು ತಾವೇ ತುಂಬಿ ಜೀಪಿನವರೆಗೆ ಒಯ್ದರು. ಉಳಿದ ಆರರಲ್ಲಿ ಇಬ್ಬಿಬ್ಬರು ಕಲಿಯುವುದೆಂದು ಆಗಲೇ ತಮ್ಮಲ್ಲೇ ಜೋಡಿ ಮಾಡಿಕೊಂಡಿದ್ದರು. ಲೀಡರ್ ಒಂದನೇ ನಂಬರಿನ ಪುಟ್ಟ ಹುಡುಗಿಯ ಜೋಡಿ. ನಾನು ಲೆಕ್ಕಕ್ಕೆಂದು ಪೆಟ್ಟಿಗೆಗಳನ್ನು ತೆರೆದು ನೋಡಿದೆ. ಏಳನೆಯದರೊಳಗೆ, ರಾಳ ಇಡುವ ಸಣ್ಣ ಖಾನೆಯಲ್ಲಿ, ನೋಟ್‌ಬುಕ್ಕಿನ ಹಾಳೆಯ ಒಂದು ಚೀಟಿ ಮಡಚಿಟ್ಟಿತ್ತು, ಲೀಡರ್ ಅಕ್ಷರ.

'ಚಿಂಚೋಳಿಯವರಿಗೆ. ಕೂದಲಿಗೆ ಕೈ ಹಚ್ಚಬೇಡಿರಿ. ಯಾಕಂದರೆ ಕೈಯಾಗಿನ ಎಣ್ಣೆ ಹತ್ತಿದರೆ ಅದು ತಂತಿ ಹಿಡಿಯಂಗಿಲ್ಲ. ಬಿಳಿ ಹಿಟ್ಟು ಒರೆಸಬೇಡಿರಿ. ಯಾಕಂದರೆ ಅದು ಹೊಲಸು ಅಲ್ಲ, ಅದರಿಂದಲೇ ಸಪ್ಪಳ ಬರುತ್ತದೆ. ಇದರ ಸಾ ಬಿರಡೆ ಜಾರುತ್ತದೆ. ತಿರುವುವಾಗ ಒಳಗೆ ಒತ್ತಿರಿ. ಯಾಕಂದರೆ ಒತ್ತದಿದ್ದರೆ ಟೀಚರ್ ಬೈತಾರ. ಖಂಡೆ ಪೂಜೆಗೆ ಬರೇ ಹೂವು ಏರಿಸಿರಿ.'

ಚೀಟಿಯನ್ನು ಇದ್ದಂತೆಯೇ ಮಡಚಿಟ್ಟು ಪೆಟ್ಟಿಗೆ ಮುಚ್ಚಿದೆ. ಅಂಗೈಯಗಲದ ಆ ಹಾಳೆಯಲ್ಲಿ ಯಾಕಂದರೆ ಎಂದು ಮೂರು ಸಲ ಇತ್ತು. ಜೂನ್ ತಿಂಗಳಿಂದ ದಸರೆಯವರೆಗೆ ನಾನು ಆ ಹುಡುಗಿಗೆ ಆ ಮಾತು ಒಂದು ಸಲವೂ ಹೇಳಿರಲಿಲ್ಲ.